ಖಾಲಾ ಕೇಳಿದ ಹತ್ತು ನಿಮಿಷ

ಮೊನ್ನೆ ಜಲನಗರದ ನಮ್ಮ ತಾರಸಿಯಲ್ಲಿ ಮಳೆನೀರು ನಿಂತಿತ್ತು. ಪೈಪಿನ ಬಾಯಲ್ಲಿ ಬೇವಿನ ಎಲೆ ಕೂತಿತ್ತು. ಕೋಲು ಹಾಕಿ ತಿವಿದೆ. ಕೊಳೆತ ಎಲೆಗೆ ಪಾರಿವಾಳದ ಹಿಕ್ಕೆ ಕೂಡಿದ ಕಮಟು ವಾಸನೆ ಮೂಗಿಗೆ ಬಡಿಯಿತು. ಖಾಲಾ ನೆನಪಾದರು...

ಮದುವೆಗೆ ಮೊದಲು ನಾನು ಗಾಂಧಿ ಚೌಕದ ಹಿಂದೆ, ಹಳೆಯ ಚೌಕವೊಂದರಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಅದರ ಮೂಲೆಗೆ ಆದಿಲಶಾಹಿ ಕಾಲದ ಕಲ್ಲಿನ ಮಹಲು. ಮಹಲಿನ ಗೋಡೆಗೆ ಆತುಕೊಂಡೇ ಕೌದಿ ಹೊಲಿಯುವ ಒಬ್ಬ ಮುದುಕಿಯ ಮಣ್ಣಿನ ಮಾಳಿಗೆ ಮನೆ. ಇಡೀ ಓಣಿಗೆ ಅವರು ಖಾಲಾ, ಅಂದರೆ ಚಿಕ್ಕಮ್ಮ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ತಮ್ಮ ಮಾಳಿಗೆ ಸೋರದಂತೆ ಹಾಳುಮಣ್ಣು ಹರಡಿ ತುಳಿದು, ಹಾಗೇ ಏಣಿ ಇಟ್ಟು ಮಹಲಿನ ಮೇಲಕ್ಕೆ ದಾಟುತ್ತಿದ್ದರು. ನೀರು ಹೊರಹೋಗುವ ಕಲ್ಲಿನ ಹರನಾಳಿಗೆಯಲ್ಲಿ ಕೂತ ಕಸ ತೆಗೆದು ಬುಟ್ಟಿಯಲ್ಲಿ ಇಳಿಸುತ್ತಿದ್ದರು. ಅವರ ಅತ್ತೆಯೂ ಅದನ್ನೇ ಮಾಡುತ್ತಿದ್ದರಂತೆ. ಮಾಡು ಎಂದು ಹೇಳಿದವರು ಯಾರೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಮಹಲಿಗೆ ಫಲಕ ಬಂತು. ಸಂರಕ್ಷಿತ ಕಟ್ಟಡ, ಮುಟ್ಟಿದರೆ ಶಿಕ್ಷೆ. ಕಾವಲುಗಾರ ಖಾಲಾ ಅವರನ್ನು ಅರ್ಧ ದಾರಿಯಲ್ಲೇ ಇಳಿಸಿದ. ಹತ್ತು ನಿಮಿಷದ ಕೆಲಸ, ಒಪ್ಪಿಗೆ ಕೊಡಿಸು ಎಂದು ಅವರು ನನ್ನ ಬಳಿ ಬಂದರು. ನಾನು ಗುಮಾಸ್ತ, ದೇವರಿಗಿಂತ ಕಾಗದವನ್ನೇ ಹೆಚ್ಚು ನಂಬಿದವನು. ಫಲಕ ಹಾಕಿದ ಇಲಾಖೆಗೆ ಅಚ್ಚುಕಟ್ಟಾಗಿ ಅರ್ಜಿ ಬರೆದೆ. ಉತ್ತರವಿಲ್ಲ. ಮತ್ತೊಂದು ಬರೆದೆ. ಸಹಿ ಮಾಡುವವರು ಬೇರೆ ಊರಲ್ಲಿದ್ದಾರೆ ಎಂದರು. ಮೂರನೆಯದನ್ನೂ ಬರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮೋಡ ಕವಿದ ಒಂದು ಮಧ್ಯಾಹ್ನ, ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ, ಖಾಲಾ ಬುಟ್ಟಿ ಹಿಡಿದು ಏಣಿ ಹತ್ತುತ್ತಿದ್ದರು. ನಾನು ಓಡಿಹೋಗಿ ತಡೆದೆ. ಕೇಸಾಗುತ್ತದೆ, ಉತ್ತರ ಬರುವವರೆಗೆ ಕಾಯಿರಿ ಎಂದೆ.

“ನೀರೇನು ಅರ್ಜಿ ಓದಿ ನಿಂದರತೈತೇನೋ ಯಪ್ಪಾ?” ಎಂದರು. ಬೈಯಲಿಲ್ಲ. ನನ್ನ ಮಾತು ಕೇಳಿ ಇಳಿದರು.

ಆ ಸಲದ ಮಳೆ ನಾಲ್ಕು ದಿನ ಬಿಡಲಿಲ್ಲ. ಮಹಲಿನ ಮೇಲೆ ನೀರು ಕೆರೆಯಾಗಿ ನಿಂತು, ಐದನೆಯ ದಿನ ಖಾಲಾ ಮನೆಯ ಕಡೆಯ ಮೂಲೆಯ ಚಾವಣಿ ಕುಸಿಯಿತು. ಗಾರೆಯಲ್ಲಿ ಬಿಡಿಸಿದ್ದ ಹೂಬಳ್ಳಿಯೆಲ್ಲ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಖಾಲಾ ಅವರ ಗೋಡೆಯೂ ಜೊತೆಗೇ ಹೋಯಿತು. ಆಗ ಬಂದವು ನೋಡಿ ಇಲಾಖೆಯ ಜೀಪುಗಳು! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬಿದ್ದ ಗೋಡೆ ಕಟ್ಟಿಕೊಳ್ಳುತ್ತೇನೆ ಎಂದರೆ, ಮಹಲಿನ ಪಕ್ಕ ಹೊಸ ಕಟ್ಟೋಣ ಕೂಡದು ಎಂದು ಖಾಲಾ ಅವರಿಗೇ ಬುದ್ಧಿ ಹೇಳಿದರು. ಅವರು ನಿಡೋಣಿ ಊರಲ್ಲಿದ್ದ ಮಗಳ ಮನೆ ಸೇರಿದರು. ಹೋಗುವಾಗ ನನ್ನ ಕೈಗೆ ಒಂದು ಕೌದಿ ಇಟ್ಟರು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು... ಮುಂದಿನ ಮಳೆಗಾಲಕ್ಕೆ ಅವರು ಬದುಕಿರಲಿಲ್ಲ.

ಪೈಪು ಬಿಡಿಸಿದ ಮರುದಿನ ಆ ಚೌಕಕ್ಕೆ ಹೋದೆ. ಫಲಕಕ್ಕೆ ಹೊಸ ಬಣ್ಣ ಬಂದಿದೆ. ಉಳಿದ ಹರನಾಳಿಗೆಯಲ್ಲಿ ಅರಳಿ ಗಿಡ ಆಳೆತ್ತರ ಬೆಳೆದಿದೆ. ಇಲಾಖೆಯವರನ್ನು ಕೇಳಿದರೆ, ಕಾಗದ ಮೇಲಕ್ಕೆ ಹೋಗಿದೆ ಎಂದರು. ಮೈಯೆಲ್ಲ ಉರಿಯಿತು. ಯಾರನ್ನು ಬೈಯಲಿ? ನಮ್ಮ ತಾರಸಿಯ ನೀರು ಬಿಡಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಖಾಲಾ ಕೇಳಿದ್ದೂ ಅಷ್ಟೇ. ಏಣಿ ಹತ್ತುತ್ತಿದ್ದ ಅವರನ್ನು ತಡೆದ ಕೈ ನನ್ನದು.