ಹಿಮ್ಮಡಿಗೆ ಗೊತ್ತಾದ ಹಗೇವು

ಸುಣ್ಣ ತಿಂದು ತಿಂದು ಬಿರಿದ ಹಿಮ್ಮಡಿಗಳು; ಒಂದೊಂದು ಬಿರುಕಿನಲ್ಲೂ ಬೆಳ್ಳನೆಯ ಗೀರು. ನಾವು ಗೌಂಡಿ ಚಾಚಾ ಎನ್ನುತ್ತಿದ್ದವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವೇ. ಸೆರಗು ಹೊತ್ತು ನೆಲ ನೋಡುತ್ತಿದ್ದ ಹೊಸ ಸೊಸೆಗೆ ಮತ್ತೇನು ಕಂಡೀತು!

ನಿಜಾಮರ ಆಡಳಿತ ಮುಗಿದ ಮರುವರ್ಷ. ತವರಿನಲ್ಲಿ ತಾಯಿಯಿಲ್ಲದ ನನ್ನ ಬಾಣಂತನಕ್ಕೆಂದು ಮಾವನವರು ಹುಮನಾಬಾದಿನ ಮನೆಗೊಂದು ಕೋಣೆ ಕಟ್ಟಿಸಲು ಕಲ್ಯಾಣದಿಂದ ಗೋಡೆ ಕಟ್ಟುವ ಕಸುಬಿನ ಚಾಚಾರನ್ನು ಕರೆಸಿದರು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣನ್ನು ಚಾಚಾ ನಂಬುತ್ತಿರಲಿಲ್ಲ. ಮರಂ ಎಂಬ ಗಟ್ಟಿ ಗರಸು ನೆಲ ಸಿಗುವತನಕ ಅಗೆಸಿದರು. ಗಾಣದಲ್ಲಿ ಅರೆದ ಸುಣ್ಣಕ್ಕೆ ಇಟ್ಟಿಗೆ ಚೂರು ಕಲಸಿ, ಪಾಯಕ್ಕೆ ಗಚ್ಚು ಹಾಕಿ, ಹೆಣ್ಣಾಳುಗಳಿಂದ ಮೂರು ದಿನ ಬಡಿಸಿದರು. ಆಮೇಲೆ ಬರಿಗಾಲಲ್ಲಿ ಅದರ ಮೇಲೆ ನಡೆದು ನೋಡುವುದು ಅವರ ರೂಢಿ. "ಮ್ಯಾಲಿಂದು ಮಂದಿ ನೋಡ್ತಾರ, ಬುನಾದಿ ಖುದಾ ನೋಡ್ತಾನ" ಎನ್ನುತ್ತಿದ್ದರು. ನಡೆದರು, ತಲೆಯಾಡಿಸಿದರು, ನಾಳೆ ಕಲ್ಲು ಇಡೋಣವೆಂದರು.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಬೇವಿನಮರದ ಕಡೆಯ ಮೂಲೆಯಡಿ ಹಗೇವು ಇತ್ತು. ಸರ್ಕಾರದ ಲೆವಿಗೆಂದು ಧಾನ್ಯ ಎತ್ತಿಕೊಂಡು ಹೋಗುವವರಿಗೆ ಹೆದರಿ ಜೋಳ ಬಚ್ಚಿಟ್ಟಿದ್ದ ನೆಲದೊಳಗಿನ ಕಣಜ. ಅದರ ಬಾಯಿಗೆ ಮಾತ್ರ ಮರಂ ಜಡಿದಿದ್ದರಿಂದ, ಗಟ್ಟಿ ನೆಲವೇ ಸಿಕ್ಕಿತೆಂದು ಅಗೆದವರು ತಿಳಿದರು. ಅತ್ತೆ ನನಗೊಮ್ಮೆ ಪಿಸುಗುಟ್ಟಿದ್ದರು. ಮನೆಯ ಗುಟ್ಟು ಹೊರಗಿನವರಿಗೇಕೆ ಎಂಬುದು ಮಾವನವರ ಹಟ. ಸೊಸೆ ಬಾಯಿಬಿಟ್ಟರೆ ಮುಗಿಯಿತು ಕಥೆ. ಆದರೆ ಪೊಳ್ಳು ನೆಲದ ಮೇಲೇಳುವ ಆ ಗೋಡೆಯ ಕೆಳಗೆ ಮಲಗುವುದು ನನ್ನ ಕೂಸು.

ನೀರಿನ ತಂಬಿಗೆ ಕೊಡುವಾಗ ಹೇಳಿಯೇಬಿಟ್ಟೆ: "ಚಾಚಾ, ಬೇವಿನಗಿಡದ ಮೂಲ್ಯಾಗ ಹಗೇವು ಅದರಿ. ನಾ ಹೇಳೀನಂತ ಹೇಳಬ್ಯಾಡ್ರಿ."

ಅವರು ನೀರು ಕುಡಿದು ಆ ಮೂಲೆಗೆ ಹೋಗಿ ಹಿಮ್ಮಡಿ ಊರಿ ನಿಂತರು. "ಸಾವಕಾರ್ರ, ಇಲ್ಲಿ ಪೊಳ್ಳು ಅನಿಸಾಕತ್ತದ. ಗಚ್ಚು ಒಡೀತೀನಿ."

ಮೂರು ದಿನದ ಕೆಲಸ ಮಣ್ಣುಪಾಲೆಂದು ಮಾವನವರು ರೇಗಿದರು. ಗಚ್ಚು ಒಡೆದು ಹಾರೆ ಹಾಕಿದರೆ ಅದು ಕೈಜಾರಿ ಒಳಗೇ ಹೋಯಿತು. ಕೊಳೆತ ಜೋಳದ ಹುಳಿ ವಾಸನೆ ಎದ್ದಿತು. ಹೇಗೆ ಗೊತ್ತಾಯಿತೆಂದು ಮಾವನವರು ಕೇಳಿದಾಗ, "ಹಿಮ್ಮಡಿಗಿ ಗೊತ್ತಾತ್ರಿ" ಎಂದರಷ್ಟೆ. ಹೊಂಡಕ್ಕೆ ಕಲ್ಲು, ಗಚ್ಚು ತುಂಬಿ ಮತ್ತೆ ಮೊದಲಿನಿಂದ ಬಡಿಸಿದರು.

ಆ ಹಿಮ್ಮಡಿಯ ಹೆಸರು ಹಬ್ಬಿದ್ದೇ ಹಬ್ಬಿದ್ದು. ಪಾಯ ತುಳಿದು ಹೋಗಿರೆಂದು ಮನ್ನಾಏಖೇಳ್ಳಿಯಿಂದಲೂ ಕರೆ ಬರುತ್ತಿತ್ತು. ಎದುರು ಸಿಕ್ಕಾಗ ನಗುತ್ತ, "ಬೇಟಿ, ನಿನ್ನ ಸಲುವಾಗಿ ಊರೂರು ತುಳಿಯಾಕತ್ತೀನಿ" ಎನ್ನುತ್ತಿದ್ದರು. ಕೆಲಸದಲ್ಲಿ ಸುಳ್ಳು ಬೆರೆಸದ ಮನುಷ್ಯ, ನನಗೋಸ್ಕರ ಆ ಒಂದು ಸುಳ್ಳನ್ನು ಕೊನೆತನಕ ಹೊತ್ತರು.

ಅವರು ತೀರಿಕೊಂಡ ಸುದ್ದಿ ಬರುವ ಹೊತ್ತಿಗೆ ನನ್ನ ಮೂವರು ಮಕ್ಕಳೂ ಅದೇ ಕೋಣೆಯಲ್ಲಿ ಹುಟ್ಟಿಯಾಗಿತ್ತು. ಮಣ್ಣು ಮಾಡುವಲ್ಲಿಗೆ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಬೇವಿನಮರದ ಕಡೆಯ ಮೂಲೆಗೆ ಹೋಗಿ, ಬರಿಗಾಲಲ್ಲಿ ಹಿಮ್ಮಡಿ ಊರಿ ತುಂಬ ಹೊತ್ತು ನಿಂತೆ.