ಲಗ್ನಪತ್ರಿಕೆಯಲ್ಲಿ ಇಲ್ಲದ ಹೆಸರು

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ವಿಲ್ಫ್ರೆಡ್ ಪ್ಯಾಸ್ಕೋ ಅವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಪಾಸ್ಕಣ್ಣನ ಮನೆ ಎಂದರೆ ಸಣ್ಣ ಮಕ್ಕಳೂ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆಗಿದ್ದ ಮನುಷ್ಯ. ಹೆಸರು ಓದಿ ಯಾರೋ ಬಿಳಿಯ ದೊರೆ ಇರಬೇಕೆಂದು ಬಂದವರ ಎದುರಿಗೆ ಲುಂಗಿ ಉಟ್ಟ, ಕಪ್ಪಗೆ ಎತ್ತರಕ್ಕಿದ್ದ ಪಾಸ್ಕಣ್ಣ ನಿಲ್ಲುತ್ತಿದ್ದರು. ಬಂದವರ ಗಲಿಬಿಲಿ ನೋಡಿ ನಗುತ್ತ ಅವರನ್ನು ಕೂರಿಸಿ, ಕಾಫಿ ತರಿಸಿ, ಹೆಸರಿನ ಕಥೆ ಹೇಳುತ್ತಿದ್ದರು.

ಇಂಗ್ಲೆಂಡಿನ ಒಂದು ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ. ಅಲ್ಲಿಯ ಹಳೆಯ ಭಾಷೆಯಲ್ಲಿ ಪಾಸ್ಕ್ ಎಂದರೆ ಈಸ್ಟರ್ ಹಬ್ಬ. ಹಬ್ಬದ ಹೊತ್ತಿಗೆ ಹುಟ್ಟಿದ ಮಗುವಿಗೆ ಪ್ಯಾಸ್ಕೋ ಎಂದು ಹೆಸರಿಡುತ್ತಿದ್ದರು, ನಮ್ಮಲ್ಲಿ ಸೋಮವಾರ ಹುಟ್ಟಿದವನು ಸೋಮಣ್ಣನಾದ ಹಾಗೆ. ಅಂಥ ಯಾವನೋ ಒಬ್ಬ ಪ್ಯಾಸ್ಕೋನ ಮಕ್ಕಳು ಮೊಮ್ಮಕ್ಕಳಿಗೆ ಅದೇ ಮನೆತನದ ಹೆಸರಾಗಿ ನಿಂತಿತು. ಆ ಸೀಮೆಯವರು ನೆಲದೊಳಗಿನ ತವರ, ತಾಮ್ರ ಅಗೆದು ಬದುಕಿದವರು. ಅಲ್ಲಿ ಗಣಿಗಳು ಮುಚ್ಚುತ್ತ ಬಂದಾಗ ಕೆಲಸ ಹುಡುಕಿಕೊಂಡು ಆಫ್ರಿಕಾ, ಆಸ್ಟ್ರೇಲಿಯಾ ಎಂದು ಚದುರಿದರು. ಕೆಲವರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಹಾಗೆ ಬಂದ ಜಾನ್ ಪ್ಯಾಸ್ಕೋ ಎಂಬವನು ಮುನಿಯಮ್ಮ ಎಂಬ ತಮಿಳು ಹೆಂಗಸಿನ ಜೊತೆ ಸಂಸಾರ ಮಾಡಿದ. ಒಂದು ಗಂಡು ಕೂಸಾದ ಮೇಲೆ ಆಫ್ರಿಕಾದ ಗಣಿಗೆ ಹೊರಟ. ಕರೆಸಿಕೊಳ್ಳುತ್ತೇನೆ ಎಂದು ಹೇಳಿಹೋದವನಿಂದ ಆಮೇಲೆ ಸುದ್ದಿಯೇ ಇಲ್ಲ.

ಪಾಸ್ಕಣ್ಣನಿಗೆ ಕಥೆಯಲ್ಲಿ ಇಷ್ಟವಾದ ಭಾಗ ಇನ್ನು ಮುಂದಿನದು. ಓಡಿಹೋದವನ ಹೆಸರು ಮಗುವಿಗೆ ಯಾಕೆ, ನಿನ್ನ ಅಪ್ಪನ ಹೆಸರು ಸೇರಿಸು ಎಂದು ಕೇರಿಯವರು ಮುನಿಯಮ್ಮನಿಗೆ ಬುದ್ಧಿ ಹೇಳಿದರಂತೆ. ಅವಳು ಒಪ್ಪಲಿಲ್ಲ. ಅವನು ನನಗೆ ಬಿಟ್ಟುಹೋದದ್ದು ಈ ಕೂಸು, ಈ ಹೆಸರು, ಎರಡೂ ಈಗ ನನ್ನವು ಎಂದಳಂತೆ. ಆ ಹುಡುಗ ದೊಡ್ಡವನಾಗಿ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಯ ಕೆಲಸಕ್ಕೆ ಬಂದ. ಅವನೇ ಪಾಸ್ಕಣ್ಣನ ತಾತ. ಇದು ಇಂಗ್ಲೆಂಡಿನ ಹೆಸರೆಂದು ಜನ ತಿಳಿಯುತ್ತಾರೆ, ನಿಜವಾಗಿ ಇದು ಮುನಿಯಮ್ಮನ ಹೆಸರು ಎಂದು ಹೇಳಿ ಪಾಸ್ಕಣ್ಣ ಲೋಟ ಕೆಳಗಿಡುತ್ತಿದ್ದರು.

ಅವರು ಮದುವೆಯಾದದ್ದು ತಮ್ಮ ಕಾಗದದ ಕಾರ್ಖಾನೆಯಲ್ಲೇ ಕೂಲಿಯಾಗಿದ್ದ ಕೃಷ್ಣಪ್ಪನ ಮಗಳು ಧನಲಕ್ಷ್ಮಿಯನ್ನು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಕೃಷ್ಣಪ್ಪ ಮಗಳ ಮುಖ ನೋಡುವುದಿಲ್ಲ ಎಂದು ಕೂತಿದ್ದವನು, ಮೊಮ್ಮಗಳು ಸಂಧ್ಯಾ ಹುಟ್ಟಿದಾಗ ತಾನಾಗಿ ಬಂದು ತೊಟ್ಟಿಲು ಕಟ್ಟಿದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಗೌರಿಹಬ್ಬವೂ ಕ್ರಿಸ್‌ಮಸ್ಸೂ ಜಗಳವಿಲ್ಲದೆ ನಡೆದವು. ಮಗಳು ತಾಯಿಯ ಜೊತೆ ಚೌಡಮ್ಮನ ಗುಡಿಗೆ, ತಂದೆಯ ಸೈಕಲ್ಲಿನ ಮುಂದೆ ಕೂತು ನ್ಯೂ ಟೌನಿನ ಚರ್ಚಿಗೆ ಹೋದಳು.

ಸಂಧ್ಯಾಳಿಗೆ ಮಾತ್ರ ಆ ಹೆಸರು ಸುಖ ಕೊಡಲಿಲ್ಲ. ಶಾಲೆಯಲ್ಲಿ ಹುಡುಗರು ಪಾಸ್ಕೋ ಫೇಲ್ಕೋ ಎಂದು ಹಾಡಿದರು. ಕಾಲೇಜಿನಲ್ಲಿ ಹಾಜರಿ ಕರೆಯುವವರು ಅವಳ ಹೆಸರಿಗೆ ಬಂದಾಗ ತಡೆದು ನೋಡುತ್ತಿದ್ದರು. ಶಿವಮೊಗ್ಗದಲ್ಲಿ ಖಾಸಗಿ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮೊದಲ ದಿನ ಎಲ್ಲರೂ ಕೇಳಿದ್ದು ಅದನ್ನೇ. ತಂದೆ ಸಂತೋಷದಿಂದ ಹೇಳುತ್ತಿದ್ದ ಕಥೆಯನ್ನು ಅವಳು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಕೊನೆಗೆ ಸಂಧ್ಯಾ ವಿ. ಎಂದಷ್ಟೇ ಬರೆಯತೊಡಗಿದಳು. ಪಾಸ್ಕಣ್ಣನ ಕಣ್ಣಿಗೆ ಅದು ಬಿತ್ತು.

ಆ ಹೊತ್ತಿಗೆ ಕಾಗದದ ಕಾರ್ಖಾನೆ ನಿಂತುಹೋಗಿತ್ತು. ಕ್ವಾರ್ಟರ್ಸಿನ ಸಾಲುಗಳು ಖಾಲಿಯಾಗಿ, ಗೋಡೆಗಳ ಮೇಲೆ ಅರಳಿಗಿಡ ಹುಟ್ಟಿದ್ದವು. ಗಂಡಹೆಂಡತಿ ಊರಿನ ಹೊಸಮನೆ ಬಡಾವಣೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಅಲ್ಲಿಗೇ ಒಂದು ಸಂಜೆ ಸಂಧ್ಯಾ ಲಕ್ಷ್ಮೀಕಾಂತನನ್ನು ಕರೆತಂದಳು. ಅವಳ ಕಾಲೇಜಿನಲ್ಲೇ ಪಾಠ ಮಾಡುವ ಹುಡುಗ, ಶಿವಮೊಗ್ಗದ ದುರ್ಗಿಗುಡಿಯವನು, ಮೆದು ಮಾತಿನವನು. ಪಾಸ್ಕಣ್ಣನಿಗೆ ಅವನು ತುಂಬ ಹಿಡಿಸಿದ. ಮುನಿಯಮ್ಮನ ಕಥೆಯನ್ನು ಅವನು ಪೂರ್ತಿ ಕೇಳಿದ್ದೂ ಹಿಡಿಸಿತು.

ಮಾತುಕತೆಗೆ ದುರ್ಗಿಗುಡಿಗೆ ಹೋದ ದಿನ ಹುಡುಗನ ತಾಯಿ ಸುವರ್ಣಮ್ಮ ಬಾಗಿಲಿಗೆ ಬಂದು ಕೈಮುಗಿದು ಒಳಗೆ ಕರೆದರು. ಕೆಟ್ಟ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಮೈದುನರ, ಭಾವನ ನಡುವೆ ಮಗನನ್ನು ಬೆಳೆಸಿದವರು, ಅವರೆಲ್ಲರ ಮಾತಿಗೆ ಹೆದರಿ ಬದುಕಿದವರು. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಮಾತು ತೆಗೆದರು.

"ಹುಡುಗಿ ಚಿನ್ನದಂಥೋಳು, ನಂದೇನೂ ತಕರಾರಿಲ್ಲ. ಪತ್ರಿಕೇಲಿ ಮಾತ್ರ ಆ ಹೆಸರು ಬೇಡ ಅಂತ. ನಮ್ಮ ಭಾವನೋರು ಸಾಗರದ ಕಡೆಯೋರು, ಓದಿದ್ರೆ ಮದುವೆಗೇ ಬರಲ್ಲ. ತಾಯಿ ಹೆಸರು, ತಾತನ ಹೆಸರು ಹಾಕ್ಸಿದ್ರೆ ಯಾರೂ ಕೇಳಲ್ಲ. ಧಾರೇನೂ ಸೋದರಮಾವನೋರೇ ಎರೆದ್ರೆ ಆಯ್ತು."

ಲಕ್ಷ್ಮೀಕಾಂತ ತಲೆ ತಗ್ಗಿಸಿದ. ಪಾಸ್ಕಣ್ಣ ಮಗಳ ಕಡೆ ನೋಡಿದರು. ಅವಳು ಕಾಫಿ ಲೋಟದ ಅಂಚನ್ನು ಒರೆಸುತ್ತಿದ್ದಳು, ಮೇಲೆ ನೋಡಲಿಲ್ಲ. ಅವರು ಇನ್ನಷ್ಟು ಹೊತ್ತು ಕಾದರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದದ್ದು ಎಲ್ಲರಿಗೂ ಕೇಳಿಸಿತು.

"ಅದಕ್ಕೇನಂತೆ," ಎಂದರು ಪಾಸ್ಕಣ್ಣ. "ಮದುವೆ ಅವಳದು. ಹಾಕ್ಬೇಡಿ ಬಿಡಿ."

ಪತ್ರಿಕೆಯಲ್ಲಿ ದಿವಂಗತ ಕೃಷ್ಣಪ್ಪನವರ ಮೊಮ್ಮಗಳು, ಶ್ರೀಮತಿ ಧನಲಕ್ಷ್ಮಿಯವರ ಮಗಳು ಎಂದು ಅಚ್ಚಾಯಿತು. ಶಿವಮೊಗ್ಗದ ಕಲ್ಯಾಣಮಂಟಪದಲ್ಲಿ ಧನಲಕ್ಷ್ಮಿಯ ತಮ್ಮ ಹಾಲೇಶ್, ಅವನ ಹೆಂಡತಿ ಶೀಲಾ ಧಾರೆ ಎರೆದರು. ಬಿಳಿ ಪಂಚೆ, ಶಲ್ಯ ಹಾಕಿಕೊಂಡ ಪಾಸ್ಕಣ್ಣ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು ಮಗಳ ಕೈಮೇಲೆ ಹಾಲು ಬೀಳುವುದನ್ನು ನೋಡಿದರು. ಅಕ್ಷತೆ ಅವರಿದ್ದಲ್ಲಿಗೆ ಯಾರೋ ತಂದುಕೊಟ್ಟರು. ಅಲ್ಲಿಂದಲೇ ಎಸೆದರು. ಅದು ಮಂಟಪದವರೆಗೆ ಹೋಗಲಿಲ್ಲ.

ಊಟದ ಪಂಕ್ತಿಯಲ್ಲಿ ಅವರ ಪಕ್ಕಕ್ಕೆ ಕೂತವರು ಲಕ್ಷ್ಮೀಕಾಂತನ ದೊಡ್ಡಪ್ಪ, ಸಾಗರದ ಕಡೆಯಿಂದ ಬಂದ ಹಿರಿಯರು. ಕೋಸಂಬರಿ ತಿನ್ನುತ್ತ ಮಾತಿಗೆಳೆದರು. ಪಾಪ, ತಂದೆ ಇಲ್ಲದ ಹುಡುಗಿಯಂತೆ, ನೀವು ಅವರ ಕಡೆಯವರೋ ಎಂದು ವಿಚಾರಿಸಿದರು.

"ಹೌದು," ಎಂದರು ಪಾಸ್ಕಣ್ಣ. "ಕ್ವಾರ್ಟರ್ಸಲ್ಲಿ ಪಕ್ಕದ ಮನೆ."

"ಹಂಗಾದ್ರೆ ಅವಳ ತಂದೇನ ನೋಡಿದೀರಿ. ಹೆಂಗಿದ್ರು?"

"ಒಳ್ಳೆಯೋರೇ. ಮಗಳು ಅಂದ್ರೆ ಜೀವ ಬಿಡೋರು."

ಇದನ್ನು ಅವರು ಭದ್ರಾವತಿಗೆ ವಾಪಸಾಗುವ ಬಸ್ಸಿನಲ್ಲಿ ಹೆಂಡತಿಗೆ ನಗುತ್ತಲೇ ಹೇಳಿದರು. ಧನಲಕ್ಷ್ಮಿಗೆ ನಗು ಬರಲಿಲ್ಲ. ಮಗಳಿಗೆ ಹೇಳಬಾರದೆಂದು ಅವರು ಅವಳಿಂದ ಮಾತು ತೆಗೆದುಕೊಂಡರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದವರು ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ.

ಮದುವೆಯಾದ ಮೇಲೆ ಅವರು ದುರ್ಗಿಗುಡಿಯ ಮನೆಗೆ ಹೋಗಲೇ ಇಲ್ಲ. ಕರೆದಾಗಲೆಲ್ಲ ಮಂಡಿನೋವು ಎಂದರು. ಸಂಧ್ಯಾಳೇ ಬಿಡುವಾದಾಗ ಬರುತ್ತಿದ್ದಳು. ಹುಟ್ಟಿದಾಗಿನಿಂದ ಡ್ಯಾಡಿ ಎನ್ನುತ್ತಿದ್ದವಳು, ಫೋನಿನಲ್ಲಿ ಅಕ್ಕಪಕ್ಕ ಜನ ಇರುತ್ತಾರೆಂದು ಅಪ್ಪ ಎನ್ನಲು ಶುರುಮಾಡಿದಳು. ಅವರು ಅದಕ್ಕೂ ಓಗೊಟ್ಟರು. ಆದರೆ ಹೆಸರಿನ ಕಥೆ ಹೇಳುವುದನ್ನು ಬಿಟ್ಟುಬಿಟ್ಟರು. ಹೊಸಬರು ಯಾರಾದರೂ ಕೇಳಿದರೆ, ಏನೋ ಹಳೇ ಕಾಲದ್ದು ಎಂದು ಮಾತು ಬದಲಿಸುತ್ತಿದ್ದರು.

ಕಳೆದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೋದ ಪಾಸ್ಕಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರು ನಿಂತಿತ್ತು. ಸಂಧ್ಯಾ ಬಂದಾಗ ಅವರನ್ನು ಮನೆಯ ನಡುವೆ ಮಲಗಿಸಿ, ಎದೆಯ ಮೇಲೆ ಶಿಲುಬೆ ಇಟ್ಟಿದ್ದರು.

ಸಾವಿಗೆ ದುರ್ಗಿಗುಡಿಯವರೆಲ್ಲ ಬಂದರು. ಶಿವಮೊಗ್ಗಕ್ಕೆ ಯಾವುದೋ ಕೆಲಸಕ್ಕೆಂದು ಬಂದಿದ್ದ ಸಾಗರದ ದೊಡ್ಡಪ್ಪನೂ ಅವರ ಜೊತೆ ಬಂದಿದ್ದರು. ಯಾರು ಹೋದದ್ದೆಂದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಹೂವಿನ ಹಾರ ಇಟ್ಟು, ಬಗ್ಗಿ ಮುಖ ನೋಡಿದವರು ಹಾಗೇ ನಿಂತರು.

"ಇವರು ಪಕ್ಕದ ಮನೆಯೋರಲ್ವೇನಮ್ಮ?" ಎಂದರು ಸಂಧ್ಯಾಳಿಗೆ. "ನಿನ್ ಮದುವೇಲಿ ನನ್ ಜೊತೆಗೇ ಊಟಕ್ಕೆ ಕೂತಿದ್ರು. ನಿನ್ ತಂದೆ ವಿಷಯ ಎಷ್ಟು ಚೆನ್ನಾಗಿ ಹೇಳಿದ್ರು."

ಸಂಧ್ಯಾ ತಾಯಿಯ ಮುಖ ನೋಡಿದಳು. ಧನಲಕ್ಷ್ಮಿ ಅಲ್ಲಗಳೆಯಲಿಲ್ಲ. ಮಗಳು ನೆಲಕ್ಕೆ ಕೂತು ತಂದೆಯ ಎರಡೂ ಪಾದ ಹಿಡಿದುಕೊಂಡಳು. ಇವರು ನಮ್ಮ ಡ್ಯಾಡಿ, ಪ್ಯಾಸ್ಕೋ, ನಮ್ಮ ಡ್ಯಾಡಿ ಎಂದು ಅಷ್ಟು ಜನರ ನಡುವೆ ಹೇಳುತ್ತಲೇ ಹೋದಳು. ಸುವರ್ಣಮ್ಮ ಅವಳನ್ನು ಎಬ್ಬಿಸಲು ಬಂದವರು, ಮುಟ್ಟುವ ಧೈರ್ಯ ಸಾಲದೆ ಪಕ್ಕದಲ್ಲೇ ಕೂತು ಅತ್ತರು.

ಸಮಾಧಿಯಾದ ಕೆಲವು ದಿನಗಳ ನಂತರ ಸಂಧ್ಯಾ, ಕಾಗದಪತ್ರಗಳಲ್ಲೆಲ್ಲ ನನ್ನ ಹೆಸರಿನ ಮುಂದೆ ಪ್ಯಾಸ್ಕೋ ಸೇರಿಸುತ್ತೇನೆ, ಲಕ್ಷ್ಮೀಕಾಂತ ಅವರೂ ಒಪ್ಪಿದ್ದಾರೆ ಎಂದು ತಾಯಿಗೆ ಹೇಳಿದಳು. ಧನಲಕ್ಷ್ಮಿ ಅಕ್ಕಿ ಆರಿಸುತ್ತಿದ್ದಳು.

"ಸೇರ್ಸ್ಕೋ, ಬೇಡ ಅನ್ನಲ್ಲ," ಎಂದಳು. "ಅವತ್ತು ದುರ್ಗಿಗುಡೀಲಿ ಒಂದು ಮಾತು ಆಡ್ತೀಯೇನೋ ಅಂತ ನಿನ್ ಡ್ಯಾಡಿ ಕಾದ್ರು ಕಣೆ. ನೀನು ಆಡಿದ್ರೂ ಅವರೇ ಬೇಡ ಅಂತಿದ್ರು. ಆದ್ರೂ ಕಾದ್ರು."

ಸಂಧ್ಯಾ ತಾನೂ ಮೊರಕ್ಕೆ ಕೈಹಾಕಿ ಅಕ್ಕಿ ಆರಿಸತೊಡಗಿದಳು. ಆರಿಸುತ್ತಲೇ, ಆ ಜಾನ್ ಪ್ಯಾಸ್ಕೋನ ಊರು ಯಾವುದು ಎಂದು ಕೇಳಿದಳು. ಧನಲಕ್ಷ್ಮಿಗೆ ನೆನಪಾಗಲಿಲ್ಲ. ಅವರು ಹೇಳುತ್ತಿದ್ದರು, ಊರಿನ ಹೆಸರೂ ಗಣಿಯ ಹೆಸರೂ ಹೇಳುತ್ತಿದ್ದರು, ನಾನು ಒಳಗೆ ಕಾಫಿ ಮಾಡುತ್ತಿರುತ್ತಿದ್ದೆ ಎಂದಳು. ಹಾಲೇಶನಿಗೂ ಗೊತ್ತಿರಲಿಲ್ಲ. ಕ್ವಾರ್ಟರ್ಸಿನ ಹಳೆಯ ಗೆಳೆಯರಿಗೆ ಮುನಿಯಮ್ಮ ಮಾತ್ರ ನೆನಪಿದ್ದಳು.

ದುರ್ಗಿಗುಡಿಗೆ ಬಂದು ಇರಿ ಎಂದು ಸುವರ್ಣಮ್ಮ ತಾವೇ ಬಂದು ಕರೆದರೂ ಧನಲಕ್ಷ್ಮಿ ಹೋಗಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಸಂಧ್ಯಾ ಶಿವಮೊಗ್ಗದಿಂದ ಮೊದಲ ಬಸ್ಸಿಗೆ ಬರುತ್ತಾಳೆ. ನ್ಯೂ ಟೌನಿನ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಆರಾಧನೆ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಾಳೆ. ಧನಲಕ್ಷ್ಮಿ ಹೊರಗೆ ಗೇಟಿನ ಹತ್ತಿರ ನೆರಳಿನಲ್ಲಿ ನಿಂತು ಕಾಯುತ್ತಾಳೆ, ಬೇಗ ಬಾ ಎಂದು ಕರೆಯುವುದಿಲ್ಲ.