ಭೀಮಶ್ಯಾನ ಸಾಕು, ಫುಲ್ಮತಿಯ ಸಾಗು

ಗುಂಡಗುರ್ತಿಯ ಭೀಮಶ್ಯಾ ಚಿತ್ತಾಪುರದ ಅಂಚೆ ಕಚೇರಿಯಲ್ಲಿ ನಿವೃತ್ತನಾಗಿ ಬಂದವನೇ ತಲೆಗೆ ಟವೆಲ್ಲು ಸುತ್ತಿ ಹೊಲಕ್ಕಿಳಿದ. ಮಧ್ಯಾಹ್ನದ ಹೊತ್ತಿಗೆ ಕಳೆಯೆಲ್ಲ ನೆಟ್ಟಗೆ ನಿಂತಿತ್ತು, ಎಳೆ ತೊಗರಿ ಮಾತ್ರ ಕಿತ್ತು ಬದುವಿನ ಮೇಲೆ ಬಿದ್ದಿತ್ತು! ಅವನ ನೌಕರಿಯ ಕಾಲವಿಡೀ ಆ ಹೊಲ ಮಾಡಿದವಳು ಹೆಂಡತಿ ಶಿವಕಾಂತಮ್ಮ. ಆಕೆ ಹಣೆ ಹಣೆ ಬಡಿದುಕೊಂಡಳು.

"ಎವ್ವಾ! ನಿಮ್ಮ ಕೈಗಿ ಠಸ್ಸೆ ಹೊಡಿಯೋದೇ ಬರೋಬ್ಬರಿ ನೋಡ್ರಿ. ನನ್ನ ಹೊಲದಾಗ ಇನ್ನ ಕಾಲಿಡಬ್ಯಾಡ್ರಿ."

ಬೈದದ್ದು ಇರಲಿ, 'ನನ್ನ ಹೊಲ' ಎಂದಳಲ್ಲ, ಅದು ಅವನ ಎದೆಗೆ ನಾಟಿತು. ನಿನ್ನೆಯವರೆಗೆ 'ನಮ್ಮ ಹೊಲ' ಆಗಿತ್ತು. ಒಕ್ಕಲುತನ ಕಲಿಯಲೇಬೇಕು, ಆದರೆ ಊರಲ್ಲಿ ಕಲಿತರೆ ಊರೇ ನಗುತ್ತದೆ. ಮಗಳು ಲುಂಬಿನಿ ಮೊಬೈಲಿನಲ್ಲಿ ಹುಡುಕಿಕೊಟ್ಟಳು: ನೇಪಾಳದಲ್ಲಿ, ಬುದ್ಧ ಹುಟ್ಟಿದ ಊರಿನ ಹತ್ತಿರ, ಒಂದು ಸಣ್ಣ ಕುಟುಂಬದ ಹೊಲ. ಕೂಲಿ ಕೇಳದೆ ದುಡಿದರೆ ಊಟ, ವಸತಿ ಅವರದು.

"ದರ್ಶನಾನೂ ಆಗ್ತದ, ಒಕ್ಕಲತನಾನೂ ಬರ್ತದ," ಎಂದು ಭೀಮಶ್ಯಾ ಚಳಿಗಾಲದಲ್ಲಿ ರೈಲು ಹತ್ತಿದ.

ಆ ಮನೆಯ ಒಡತಿ ಫುಲ್ಮತಿ ಮೊದಲ ದಿನವೇ ಅನ್ನ, ಬೇಳೆ, ಸಾಸಿವೆ ಸೊಪ್ಪಿನ ಪಲ್ಯ ಬಡಿಸಿದಳು. ಆಕೆಯೊಂದಿಗೆ ಮಾತಾಡುವಷ್ಟು ಹಿಂದಿ ಭೀಮಶ್ಯಾ ಬಲ್ಲವನೇ. ಆದರೆ ತಾಟಿನ ಮುಂದೆ ಕೂತರೆ ಬಾಯಿ ಗುಂಡಗುರ್ತಿಯದೇ ಅಲ್ಲವೇ! ಹೊಟ್ಟೆ ತುಂಬಿದ್ದೇ "ಸಾಕ್, ಸಾಕ್" ಎಂದ. ಆಕೆ ನಗುತ್ತ ಇನ್ನೊಂದು ಸೌಟು ಪಲ್ಯ ಹಾಕಿದಳು. "ಸಾಕವ್ವಾ, ಸಾಕ್!" ಎಂದರೆ ಮತ್ತೊಂದು. ಅವನಿಗೆ ಅನುಮಾನ ಬರಲಿಲ್ಲ. ನಮ್ಮ ಕಡೆಯೂ ಅಷ್ಟೇ, ಸಾಕು ಎಂದವರಿಗೆ ಇನ್ನೊಂದು ಸೌಟು ಬಡಿಸದೆ ಬಿಡುವವರುಂಟೇ? ಭಾಳ ಮರ್ಯಾದಿ ಮಂದಿ ಎಂದುಕೊಂಡು ದಿನಾ ತಿಂದ. ಹಗಲೆಲ್ಲ ಆಕೆಯ ಹಿಂದೆ ಕೂತು, ಯಾವುದು ಸಸಿ ಯಾವುದು ಕಳೆ ಎಂದು ಎಲೆ ಎಲೆ ಮುಟ್ಟಿ ಕಲಿತ.

ಒಂದು ದಿನ ಶಿವಕಾಂತಮ್ಮ ವಿಡಿಯೊ ಕಾಲ್ ಮಾಡಿ, ತನ್ನ ಹರಕುಮುರುಕು ಹಿಂದಿಯಲ್ಲಿ ಗಂಡನ ಕೆಲಸದ ಬಗ್ಗೆ ಫುಲ್ಮತಿಯನ್ನೇ ಕೇಳಿದಳು.

"ಕೆಲಸ ಚೆನ್ನಾಗಿ ಮಾಡುತ್ತಾರೆ ದೀದಿ," ಎಂದಳು ಫುಲ್ಮತಿ. "ಆದರೆ ಊಟಕ್ಕೆ ಕೂತರೆ ಸಾಗ್, ಸಾಗ್ ಎನ್ನುತ್ತಾರೆ. ಸಂತೆಗೆ ಒಯ್ಯುವ ಸೊಪ್ಪೂ ಖಾಲಿ. ಇವರಿಗೆಂದೇ ಇನ್ನೊಂದು ಮಡಿ ಬಿತ್ತಿದ್ದೇವೆ!"

ಅವರ ಮಾತಿನಲ್ಲಿ ಸೊಪ್ಪಿಗೆ ಸಾಗ್. ಶಿವಕಾಂತಮ್ಮ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡು ಸಾಕು ಎಂದರೇನೆಂದು ತಿಳಿಸಿದಳು. ಫುಲ್ಮತಿಯೂ ನಕ್ಕಳು. ಫೋನು ಹಿಡಿದು ನಿಂತ ಭೀಮಶ್ಯಾನ ಮುಖ ನೋಡಬೇಕಿತ್ತು.

ಮುಂದಿನ ಮುಂಗಾರಿನಲ್ಲಿ ಅವನು ತಮ್ಮ ಹೊಲದ ಬದುವಿನ ಮೇಲೆ ನಿಂತ. ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

"ಬರ್ರಿ, ಸಾಗ್ ಸಾಹೇಬ್ರ," ಎಂದು ಶಿವಕಾಂತಮ್ಮ ಕಳೆ ತೆಗೆಯುವ ಖುರ್ಪಿ ಚಾಚಿದಳು. "ಎಷ್ಟ ಕಲತೀರಿ ನೋಡೇ ಬಿಡ್ತೀನಿ."

ಅವನು ಕುಕ್ಕರಗಾಲಿನಲ್ಲಿ ಒಂದು ಸಾಲು ಮುಗಿಸಿದ. ಆಕೆ ಹಿಂದಿನಿಂದ ಬಗ್ಗಿ ಬಗ್ಗಿ ನೋಡುತ್ತ ಬಂದಳು. ಕಳೆ ಒಂದೂ ಉಳಿದಿರಲಿಲ್ಲ, ತೊಗರಿ ಒಂದೂ ಕಿತ್ತುಹೋಗಿರಲಿಲ್ಲ. ಆಕೆ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿ ಸೊಪ್ಪಿನ ಪಲ್ಯ ಹಾಕಿದಳು.

"ಸಾಕ್, ಸಾಕ್."

"ಸುಮ್ಮ ಉಣ್ರಿ, ನಮ್ಮ ಹೊಲದ್ದೇ ಪಲ್ಯ."

ಭೀಮಶ್ಯಾನ ಕೈಯ ತುತ್ತು ಅಲ್ಲೇ ನಿಂತಿತು. "ಏನಂದಿ?"

"ಪಲ್ಯ ಅಂದೆ."

"ಅದಕ್ಕೂ ಮೊದಲ?"

"ನಮ್ಮ ಹೊಲ ಅಂದೆರಿ! ಕಿವಿ ಕೇಳಂಗಿಲ್ಲೇನು?"

ಭೀಮಶ್ಯಾ ರೊಟ್ಟಿ ಹಿಡಿದ ಕೈ ಮುಂದೆ ಚಾಚಿದ. "ಇನ್ನೊಂದೀಟು ಸಾಗ್ ಹಾಕು," ಎಂದ.